ಮೈಲಾರಿಯ ಹನ್ನೊಂದು ದಿನ

ನಮ್ಮನೆ ಎತ್ತು ಮೈಲಾರಿ ಈ ಜನವರಿಯಲ್ಲಿ ಹೋದ. ವಯಸ್ಸು 23. ಎತ್ತಿನ ಲೆಕ್ಕದಲ್ಲಿ ಅದು ಶತಾಯುಷಿಗೆ ಹತ್ತಿರ. ಕಳೆದ ಸಲ ಅಂಕಣ ಯಾಕೆ ಬರಲಿಲ್ಲ ಅಂತ ಕೆಲವರು ಕೇಳಿದ್ರಿ. ಕಾರಣ ಇದೇ. ಆಗ ಬರೆಯೋಕೆ ಆಗಲಿಲ್ಲ, ಈಗ ಬರೀತಿದ್ದೀನಿ.

ನಮ್ಮೂರು ಅಂತರಘಟ್ಟೆ. ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ ಕಾಫಿ ತೋಟ, ಮಂಜು, ಹೋಂಸ್ಟೇ ಅಂತ ಶುರು ಮಾಡ್ತಾರೆ. ನಮ್ಮ ಕಡೆ ಅದ್ಯಾವುದೂ ಇಲ್ಲ. ಬೀರೂರಲ್ಲಿ ರೈಲು ಇಳಿದು ಅಜ್ಜಂಪುರದ ಕಡೆ ಬಂದರೆ ಸಿಗೋದು ಬಯಲು, ರಾಗಿ, ಜೋಳ, ಈರುಳ್ಳಿ, ಬೋರ್‌ವೆಲ್ ಇದ್ದ ಕಡೆ ತೆಂಗು ಅಡಿಕೆ. ಮತ್ತೆ ದನ. ನಮ್ಮ ಸೀಮೆಗೆ ಹೆಸರು ಬಂದಿದ್ದೇ ದನದಿಂದ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಅಲ್ಲಿ ಹುಟ್ಟಿದ ಗಂಡು ಕರುಗಳನ್ನ ಹರಾಜು ಹಾಕ್ತಾರೆ. ದೂರದೂರದಿಂದ ರೈತರು ಬಂದು ಹಠಕ್ಕೆ ಬಿದ್ದು ಕೂಗ್ತಾರೆ. 2003ರಲ್ಲಿ ಅಪ್ಪಾಜಿ ಅಂಥದೊಂದು ಹರಾಜಿನಿಂದ ಒಂದು ಜೊತೆ ಕರು ಹಿಡ್ಕೊಂಡು ಬಂದರು. ಎಷ್ಟು ಕೊಟ್ಟರು ಅನ್ನೋದರ ಸರಿಯಾದ ಲೆಕ್ಕ ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಆಗ ಮೂರನೇ ಕ್ಲಾಸು.

ಒಂದಕ್ಕೆ ಬೆಳ್ಳಿ ಅಂತ ಹೆಸರಿಟ್ಟೆವು, ಇನ್ನೊಂದಕ್ಕೆ ಮೈಲಾರಿ. ಬೀರೂರು ಮೈಲಾರಲಿಂಗಸ್ವಾಮಿಯ ಹೆಸರು ಅದು. 2010ರಲ್ಲಿ ಶಿವಣ್ಣನ ಸಿನಿಮಾ ಬಂದ ಮೇಲೆ ಎಲ್ಲರೂ ಸಿನಿಮಾ ನೋಡಿ ಇಟ್ಟ ಹೆಸರು ಅಂದ್ಕೊಂಡರು, ಅದು ಬೇರೆ ವಿಷಯ.

ಮೈಲಾರಿ ಸ್ವಲ್ಪ ಗಿಡ್ಡ. ಬೆಳ್ಳಿ ಪಕ್ಕ ನಿಲ್ಲಿಸಿದರೆ ನಾಲ್ಕು ಬೆರಳು ಕಮ್ಮಿ. ಜೋಡೆತ್ತಿನಲ್ಲಿ ಇದು ದೊಡ್ಡ ಕೊರತೆ. ನೊಗ ಒಂದು ಕಡೆ ವಾಲುತ್ತೆ, ಗಿಡ್ಡ ಎತ್ತಿನ ಹೆಗಲ ಮೇಲೆ ಭಾರ ಹೆಚ್ಚು ಬೀಳುತ್ತೆ. ನೋಡಿದವರೆಲ್ಲ "ಜೋಡಿ ಸರಿಯಾಗಿಲ್ಲ, ಬದಲಾಯಿಸು" ಅಂದರು. ಅಪ್ಪಾಜಿ ಬದಲಾಯಿಸಲಿಲ್ಲ. ನೊಗದ ಆ ಕಡೆಗೆ ಗೋಣಿಚೀಲ ಮಡಿಚಿ ಸುತ್ತಿ, ಉಳುವಾಗ ಎತ್ತರದ ಎತ್ತನ್ನ ಉತ್ತ ಸಾಲಿನೊಳಗೆ ನಡೆಸಿ, ಗಿಡ್ಡನನ್ನ ದಿಣ್ಣೆ ಕಡೆ ಬಿಟ್ಟರು. ಕೋಡ್ ಬದಲಾಯಿಸೋಕೆ ಆಗದೇ ಇದ್ದಾಗ ಸುತ್ತಮುತ್ತ ಏನಾದ್ರೂ ಮಾಡಿ ಕೆಲಸ ನಡೆಸೋದು ಅಂತೀವಲ್ಲ, ಅದನ್ನ ನಾನು ಮೊದಲು ನೋಡಿದ್ದು ನೊಗದಲ್ಲಿ.

ಅಮೃತಮಹಲ್ ಎಂದರೆ ಸಾಧು ಪ್ರಾಣಿ ಅಂದ್ಕೋಬೇಡಿ. ಬೂದು ಬಣ್ಣ, ಉದ್ದನೆ ಸಣ್ಣ ಮುಖ, ಹಣೆ ನಡುವೆ ಒಂದು ಗೆರೆ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗೋ ಕೊಂಬು. ಕಾವಲಿನಲ್ಲಿ, ಅಂದರೆ ಈ ದನಕ್ಕೇ ಅಂತ ಬಿಟ್ಟ ಹುಲ್ಲುಗಾವಲಿನಲ್ಲಿ, ಮನುಷ್ಯರ ಕೈ ಸೋಕದೆ ಹಿಂಡಿನ ಜೊತೆ ಬೆಳೆದಿರ್ತಾವೆ. ಮನೆಗೆ ತಂದ ಮೊದಲ ತಿಂಗಳು ಮೈಲಾರಿ ಕೊಟ್ಟಿಗೆಯ ಬಾಗಿಲು ಮುರಿದ, ನಮ್ಮ ದೊಡ್ಡಪ್ಪನ ತೊಡೆಗೆ ಒದ್ದ. ಅವ್ವ ಮಾತ್ರ ದಿನಾ ಎರಡು ಹೊತ್ತು ದೂರದಿಂದಲೇ ಬೂಸಾದ ಬಾನಿ ತಳ್ಳಿ, ಅಲ್ಲೇ ಕೂತು ಸೊಪ್ಪು ಬಿಡಿಸ್ತಾ ಇರೋಳು. ಬಾನಿ ದಿನಕ್ಕೊಂದು ಗೇಣು ಹತ್ತಿರ ಬಂತು. ಹಬ್ಬದ ಹೊತ್ತಿಗೆ ಅವಳ ಸೆರಗು ಹಿಡಿದು ಎಳೆಯೋ ಮಟ್ಟಕ್ಕೆ ಬಂದ.

ಈ ತಳಿಯ ಕಥೆ ಕೇಳಿದರೆ ನಿಮಗೆ ನಗು ಬರುತ್ತೆ. ಮೈಸೂರು ಒಡೆಯರು ಕಟ್ಟಿದ ಹಿಂಡು ಇದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದನ್ನ ನೋಡ್ಕೊಳ್ಳೋಕೆ 'ಬೆಣ್ಣೆ ಚಾವಡಿ' ಅಂತ ಒಂದು ಇಲಾಖೆಯೇ ಇತ್ತು. ಹೈದರ್ ಅಲಿ ಇವನ್ನ ಸೈನ್ಯಕ್ಕೆ ಬಳಸಿದ. ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದ ಅಂತ ಗೆಜೆಟಿಯರ್‌ಗಳು ಹೇಳೋದು ಈ ಎತ್ತುಗಳ ಕಾಲಿನ ಮೇಲೆ. 'ಅಮೃತ ಮಹಲ್' ಅನ್ನೋ ಹೆಸರು ಟಿಪ್ಪುವಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈಗೆ ಹೋಯ್ತು. 1860ರಲ್ಲಿ ಖರ್ಚು ಉಳಿಸಬೇಕು ಅಂತ ಇಡೀ ಹಿಂಡನ್ನೇ ಮಾರಿಬಿಟ್ಟರು. ಆಮೇಲೆ ಫಿರಂಗಿ ಎಳೆಯೋಕೆ ಅಂಥ ಎತ್ತೇ ಸಿಗದೆ 1866ರಲ್ಲಿ ಮತ್ತೆ ಮೊದಲಿಂದ ಕಟ್ಟೋಕೆ ಶುರು ಮಾಡಿದರು. ದುಡ್ಡು ಉಳಿಸೋಕೆ ಎಲ್ಲರನ್ನೂ ಮನೆಗೆ ಕಳಿಸಿ, ಸ್ವಲ್ಪ ದಿನಕ್ಕೆ ಮತ್ತೆ ಹೈರಿಂಗ್ ಶುರು ಮಾಡೋದು ನಮ್ಮ ಕಾಲದ ಕಾಯಿಲೆ ಅಂತ ನಾನು ಅಂದ್ಕೊಂಡಿದ್ದೆ.

ಈಗ ಕಾವಲುಗಳೂ ಮೊದಲಿನ ಹಾಗೆ ಉಳಿದಿಲ್ಲ. ಕಡೂರಿನ ಬಾಸೂರು ಕಾವಲು ಕೃಷ್ಣಮೃಗಗಳಿಗೆ ಮೀಸಲಾಗಿ ಹೇಗೋ ಉಳ್ಕೊಂಡಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ನಮ್ಮ ಇಂಜಿನಿಯರಿಂಗ್ ಬ್ಯಾಚಿನವರು ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಅಪ್ಪಾಜಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ದನ ಎಲ್ಲಿಗೆ ಹೋದ್ವು?"

ನಮ್ಮ ಮನೆಯಲ್ಲಿ ಎತ್ತಿನ ಕೆಲಸ ನಿಂತಿದ್ದು 2014ರಲ್ಲಿ. ದೊಡ್ಡಪ್ಪನ ಮನೆಗೆ ಟ್ರ್ಯಾಕ್ಟರ್ ಬಂತು, ಅರ್ಧ ದಿನದಲ್ಲಿ ಹೊಲ ಮುಗೀತಿತ್ತು. ಎಡೆಕುಂಟೆಗೆ ಮಾತ್ರ ಇನ್ನೆರಡು ವರ್ಷ ಜೋಡಿ ಬೇಕಾಯ್ತು. 2016ರಲ್ಲಿ ಬೆಳ್ಳಿ ಹೊಟ್ಟೆ ಉಬ್ಬರಿಸಿ ಒಂದೇ ರಾತ್ರಿಯಲ್ಲಿ ಹೋದ. ಒಂಟಿ ಎತ್ತು ಅಂದರೆ ಒಂದು ಕಾಲಿನ ಚಪ್ಪಲಿ ಇದ್ದಂಗೆ, ಯಾವ ಕೆಲಸಕ್ಕೂ ಬರಲ್ಲ. ದಲ್ಲಾಳಿ ಮನೆ ಬಾಗಿಲಿಗೇ ಬಂದ. ಅಪ್ಪಾಜಿ ಅವನಿಗೆ ಕಾಫಿ ಕೊಡಿಸಿ, ಮಳೆ ಬೆಳೆ ಮಾತಾಡಿ, ಕಳಿಸಿದರು. ಇಷ್ಟೇ. ಭಾಷಣ ಏನೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ದಲ್ಲಾಳಿಗೆ ಕೊಟ್ಟವರನ್ನ ನಾನು ಕೆಟ್ಟವರು ಅನ್ನಲ್ಲ. ಕೆಲಸ ಮಾಡದ ಎತ್ತು ಕೂಡ ದಿನಾ ಹುಲ್ಲು ತಿನ್ನುತ್ತೆ, ಬರಗಾಲದಲ್ಲಿ ಒಂದು ಗಾಡಿ ರಾಗಿಹುಲ್ಲಿನ ಬೆಲೆ ಕೇಳಿದವರಿಗೆ ಗೊತ್ತು. ನಮ್ಮನೆಯಲ್ಲಿ ನನ್ನ ಸಂಬಳ ಬರ್ತಿತ್ತು, ಹಾಗಾಗಿ ಮೈಲಾರಿ ಉಳಿದ. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಎತ್ತಿನ ಆ ದಾರಿ ಮುಚ್ಚಿತು. ಸರಿಯೋ ತಪ್ಪೋ, ಅದು ನಿಮ್ಮ ನಿಮ್ಮ ನಂಬಿಕೆ. ಆದರೆ ಮುದಿ ಎತ್ತಿನ ಹೊಟ್ಟೆ ತುಂಬಿಸೋ ಕೆಲಸ ಕಾಯ್ದೆಯಲ್ಲಿ ಯಾರ ತಲೆ ಮೇಲೆ ಬಿತ್ತು ಅಂತ ನೋಡಿದರೆ, ಕೊಟ್ಟಿಗೆ ಇಟ್ಕೊಂಡವನ ತಲೆ ಮೇಲೇ. 2022ರಲ್ಲಿ 'ಪುಣ್ಯಕೋಟಿ ದತ್ತು' ಯೋಜನೆ ಬಂತು, ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ದನ ದತ್ತು ತಗೋಬಹುದು. ಒಳ್ಳೇದೇ. ಗೋಶಾಲೆಗೆ ಕಳಿಸದೆ ತನ್ನ ಕೊಟ್ಟಿಗೆಯಲ್ಲೇ ಸಾಕ್ತಿರೋ ರೈತನಿಗೆ ಅದರಿಂದ ಏನೂ ಇಲ್ಲ.

ಹೀಗೆ ಮೈಲಾರಿ ಎಂಟು ವರ್ಷ ರಿಟೈರ್ಡ್ ಆಗಿದ್ದ. ಬೆಳಗ್ಗೆ ಅಪ್ಪಾಜಿ ಅವನನ್ನ ಬಿಚ್ಚಿ ಕೆರೆ ಏರಿವರೆಗೆ ಹೊಡ್ಕೊಂಡು ಹೋಗಿ ಬರೋರು. ವಾಕಿಂಗ್ ಯಾರಿಗೆ ಯಾರು ಮಾಡಿಸ್ತಿದ್ದರು ಅನ್ನೋದು ನೋಡೋರಿಗೆ ಬಿಟ್ಟಿದ್ದು. ನಮ್ಮಪ್ಪಾಜಿ ಮಾತು ಕಮ್ಮಿ. ನಾನು ಬೆಂಗಳೂರಿಂದ ಫೋನ್ ಮಾಡಿದರೆ "ಊಟ ಆಯ್ತಾ, ಸರಿ, ಅವ್ವನಿಗೆ ಕೊಡ್ತೀನಿ" ಅಲ್ಲಿಗೆ ಮುಗೀತು. ಆದರೆ ಎತ್ತಿನ ಜೊತೆ ಇಡೀ ದಾರಿ ಮಾತಾಡೋರು. ಸೊಸೈಟಿ ಸಾಲ, ತೆಂಗಿನ ಬೆಲೆ, ನನ್ನ ಮದುವೆ. ನನ್ನ ಮದುವೆ ಬಗ್ಗೆ ಅಪ್ಪಾಜಿಗೆ ಏನು ಅನಿಸುತ್ತೆ ಅಂತ ನನಗೆ ಗೊತ್ತಾಗಿದ್ದೇ ಹಿಂದೆ ಹಿಂದೆ ನಡೀತಾ ಕೇಳಿಸ್ಕೊಂಡು.

ಎರಡು ವರ್ಷದಿಂದ ಹಲ್ಲು ಹೋಗಿತ್ತು. ದನದ ವಯಸ್ಸನ್ನ ಹಲ್ಲಿನಲ್ಲಿ ಲೆಕ್ಕ ಹಾಕ್ತಾರೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟಾದರೆ ಬಾಯಿ ಗೂಡಿತು ಅಂತ. ಅಲ್ಲಿಂದ ಮುಂದೆ ಸವೆತ. ಮೈಲಾರಿ ಹುಲ್ಲು ಅಗಿದು ಅಗಿದು ಉಂಡೆ ಮಾಡಿ ಉಗುಳ್ತಿದ್ದ. ಅವ್ವ ಹುಲ್ಲನ್ನ ಸಣ್ಣಗೆ ಕತ್ತರಿಸಿ, ಬೂಸಾ, ನೆನೆಸಿದ ಹಿಂಡಿ, ರಾಗಿ ಅಂಬಲಿ ಕಲಸಿ ಕೊಡ್ತಿದ್ದಳು. "ನಿಮ್ಮಜ್ಜಿಗೂ ಹಿಂಗೇ ಕಲಸಿ ಕೊಟ್ಟಿದ್ದೀನಿ" ಅಂತಿದ್ದಳು.

ಸಂಕ್ರಾಂತಿ ಮುಗಿದ ಮೂರನೇ ದಿನ ಬೆಳಗ್ಗೆ ಅವನು ಏಳಲಿಲ್ಲ.

ಅವ್ವ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ ಬಸ್ಸಿನಲ್ಲಿದ್ದೆ. "ಮುಂಗಾಲು ಊರ್ತಾನೆ ಕಣಪ್ಪ, ಹಿಂದಿಂದು ಬರ್ತಿಲ್ಲ." ಮ್ಯಾನೇಜರ್‌ಗೆ ರಜೆ ಕೇಳಿದೆ. ರಜೆಯ ಪಟ್ಟಿಯಲ್ಲಿ ಎತ್ತಿಗೆ ಅಂತ ಯಾವ ಕಾಲಂ ಇರುತ್ತೆ? ಅವರು ಒಂದು ನಿಮಿಷ ಸುಮ್ಮನಿದ್ದು, "ಅಲ್ಲಿಂದಲೇ ಕೆಲಸ ಮಾಡಿ, ಎಷ್ಟು ದಿನ ಬೇಕೋ" ಅಂದರು. ಅವರ ಮನೆಯಲ್ಲೂ ಹಸು ಇದ್ದುವಂತೆ.

1962ಕ್ಕೆ ಫೋನ್ ಮಾಡಿದ್ದು ನಮ್ಮ ದೊಡ್ಡಪ್ಪನ ಮಗ. ಮನುಷ್ಯರಿಗೆ 108 ಇದ್ದ ಹಾಗೆ ದನಕರುಗಳಿಗೆ ಈ ನಂಬರು. ಡಾಕ್ಟರೇ ವ್ಯಾನಿನಲ್ಲಿ ಬರ್ತಾರೆ. ಈ ಒಂದು ನಂಬರ್ ಮಾತ್ರ ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ, ಊರಲ್ಲಿ ಅಪ್ಪ ಅಮ್ಮ ದನ ಸಾಕ್ತಿದ್ದರೆ ಅವರ ಫೋನಿನಲ್ಲೂ. ಬಂದವರು ಹೆಂಗಸು, ನನ್ನದೇ ವಯಸ್ಸಿನವರು. ನಾನು ಸಂಜೆ ಮನೆ ಮುಟ್ಟೋ ಹೊತ್ತಿಗೆ ಡ್ರಿಪ್ ಹಾಕಿ, ಕ್ಯಾಲ್ಸಿಯಂ ಕೊಟ್ಟು, ಸೊಂಟ ಮುಟ್ಟಿ ನೋಡಿ ಮುಗಿಸಿದ್ದರು. "ಹಾಲು ಕರೆಯೋ ಹಸು ಬಿದ್ದರೆ ಕ್ಯಾಲ್ಸಿಯಂ ಹಾಕಿದ ಅರ್ಧ ಗಂಟೆಗೆ ಎದ್ದು ಓಡುತ್ತೆ. ಇದು ಹಾಗಲ್ಲ. ವಯಸ್ಸು" ಅಂದರು. ಆಮೇಲೆ ಮಾಡಬೇಕಾದ್ದನ್ನ ಹೇಳಿದರು. ಅದು ನನಗೆ ಹೊಸದು. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಬರೀತೀನಿ.

ದೊಡ್ಡ ಪ್ರಾಣಿ ಬಿದ್ದರೆ ಅದನ್ನ ಕೊಲ್ಲೋದು ಬಹಳ ಸಲ ಮೊದಲ ಕಾಯಿಲೆ ಅಲ್ಲ, ಅದರದೇ ತೂಕ. ಒಂದೇ ಮಗ್ಗುಲಲ್ಲಿ ಮಲಗಿದರೆ ಕೆಳಗೆ ಸಿಕ್ಕ ಕಾಲಿನ ಮಾಂಸಕ್ಕೆ ರಕ್ತ ಹೋಗಲ್ಲ, ನರ ಸಾಯುತ್ತೆ, ಆಮೇಲೆ ಏಳಬೇಕು ಅಂದರೂ ಕಾಲೇ ಇರಲ್ಲ. ಅದಕ್ಕೇ ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ರಾತ್ರಿಯೂ. ಗಟ್ಟಿ ನೆಲ, ಕಲ್ಲು ಚಪ್ಪಡಿ ಮೇಲೆ ಬಿಡಬಾರದು. ಗೇಣುದ್ದ ಮರಳು, ಅದರ ಮೇಲೆ ಹುಲ್ಲು. ಪೂರ್ತಿ ಅಡ್ಡ ಮಲಗೋಕೆ ಬಿಡಲೇಬಾರದು. ದನದ ಹೊಟ್ಟೆಯಲ್ಲಿ ಹುಟ್ಟೋ ಗಾಳಿ ತೇಗಿನಲ್ಲಿ ಹೊರಗೆ ಬರಬೇಕು. ಅಡ್ಡ ಬಿದ್ದರೆ ದಾರಿ ಮುಚ್ಚಿ ಹೊಟ್ಟೆ ಉಬ್ಬರಿಸಿ ಸಾಯುತ್ತೆ. ಎದೆಯ ಮೇಲೆ ಕೂತ ಹಾಗೆ, ಎರಡೂ ಕಡೆ ಹೊಟ್ಟಿನ ಚೀಲ ಒತ್ತರಿಸಿ ಕೂರಿಸಬೇಕು. ನೀರು ಬಾಯಿಗೆ ಸಿಗೋ ಹಾಗಿರಬೇಕು.

ಹೇಳಿದಷ್ಟು ಸುಲಭ ಅಲ್ಲ. ಮೈಲಾರಿ ಬಡಕಲಾಗಿದ್ದರೂ ಮೂರು ಮೂರೂವರೆ ಕ್ವಿಂಟಾಲ್. ಮಗುಚೋಕೆ ನಾಲ್ಕು ಜನ ಬೇಕು. ನಾನು ಚಿಕ್ಕವನಿದ್ದಾಗ ಒಂದು ಕೂಗು ಹಾಕಿದರೆ ಹತ್ತು ಜನ ಬರ್ತಿದ್ದರು. ಈಗ ಬೀದಿಯಲ್ಲಿ ಇರೋದು ಅರವತ್ತು ದಾಟಿದವರು ಮತ್ತು ಸ್ಕೂಲಿಗೆ ಹೋಗೋರು. ನಡುವಿನವರೆಲ್ಲ ನನ್ನ ಹಾಗೆ ಬೆಂಗಳೂರು, ಶಿವಮೊಗ್ಗ, ದಾವಣಗೆರೆ. ನಾನು, ಅಪ್ಪಾಜಿ, ದೊಡ್ಡಪ್ಪನ ಮಗ, ಪಕ್ಕದ ಮನೆಯ ಪಿಯುಸಿ ಹುಡುಗ, ಇಷ್ಟು ಜನ ಸೇರಿ ಪಾಳಿ ಹಾಕ್ಕೊಂಡೆವು. ಆ ಹುಡುಗ ರಾತ್ರಿ ಒಂದು ಗಂಟೆಯ ಪಾಳಿಗೆ ಒಂದು ದಿನವೂ ತಪ್ಪಿಸಲಿಲ್ಲ. ಮೈಲಾರಿ ಪಕ್ಕ ಕೂತು ಮೊಬೈಲ್ ಬೆಳಕಿನಲ್ಲಿ ಕೆಮಿಸ್ಟ್ರಿ ಓದ್ತಿದ್ದ.

ಮೂರನೇ ದಿನ ತೆಂಗಿನ ತೊಲೆ ಮೂರು ನಿಲ್ಲಿಸಿ, ಗ್ಯಾರೇಜಿನಿಂದ ಚೈನ್ ಪುಲ್ಲಿ ತಂದು, ಹೊಟ್ಟೆ ಕೆಳಗೆ ಅಗಲವಾದ ಪಟ್ಟಿ ಕೊಟ್ಟು ಎತ್ತಿ ನಿಲ್ಲಿಸಿದೆವು. ಮುಂಗಾಲಿನಲ್ಲಿ ನಿಂತ. ಹಿಂಗಾಲು ಒದ್ದೆ ಬಟ್ಟೆ ಹಾಗೆ ಜೋತುಬಿದ್ದವು. ಐದು ನಿಮಿಷ ನಿಂತಿದ್ದು ಕೊಟ್ಟಿಗೆ ಬಾಗಿಲ ಕಡೆ ನೋಡಿದ. ಕೆರೆ ಏರಿಗೆ ಹೋಗೋ ಹೊತ್ತು ಅದು.

ಹಗಲು ನಾನು ಕೊಟ್ಟಿಗೆಯ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಮೀಟಿಂಗ್ ಸೇರ್ತಿದ್ದೆ. ಕ್ಯಾಮೆರಾ ಆಫ್. ಒಂದು ಸಲ ಮ್ಯೂಟ್ ಮಾಡದೇ ಇದ್ದಾಗ ಅವನು ದೊಡ್ಡದಾಗಿ ಉಸಿರು ಬಿಟ್ಟ. "ಯಾರದು?" ಅಂತ ಕೇಳಿದರು. "ನಮ್ಮನೆಯವರು" ಅಂದೆ.

ಡಾಕ್ಟ್ರು ದಿನ ಬಿಟ್ಟು ದಿನ ಬಂದರು. ನೋವಿಗೆ ಮೆಲಾಕ್ಸಿಕಾಮ್ ಕೊಟ್ಟರು. ಡೈಕ್ಲೋಫೆನಾಕ್ ಕೊಡಬಹುದಲ್ವಾ ಅಂತ ನಾನು ಗೂಗಲ್ ಪಾಂಡಿತ್ಯ ತೋರಿಸಿದೆ. ದನಕ್ಕೆ ಅದನ್ನ 2006ರಲ್ಲೇ ನಿಷೇಧಿಸಿದ್ದಾರೆ ಅಂತ ಹೇಳಿದರು. ಆ ಔಷಧಿ ತಿಂದ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಹೋಗಿ ಸತ್ತವಂತೆ, ದೇಶದ ತುಂಬ. ಹಳೇ ಮುದಿ ಎತ್ತಿನ ಕಾಲುನೋವಿಗೆ ಕೊಟ್ಟ ಸೂಜಿ ಆಕಾಶದಲ್ಲಿ ಹಾರೋ ಹಕ್ಕಿವರೆಗೆ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು.

ಎಂಟನೇ ದಿನ ಸೊಂಟದ ಮೂಳೆ ಹತ್ತಿರ ಚರ್ಮ ಬಿಟ್ಟಿತು. ಎಷ್ಟು ಮಗುಚಿದರೂ ಹುಣ್ಣು. ಅವ್ವ ಬೇವಿನೆಣ್ಣೆ ಹಚ್ಚಿ, ನೊಣ ಕೂರದ ಹಾಗೆ ತನ್ನ ಹಳೇ ಕಾಟನ್ ಸೀರೆ ಹೊದಿಸಿದಳು. ಒಂಬತ್ತನೇ ದಿನ ರಾತ್ರಿ ಅವಳೇ ಬಂದು ಹೇಳಿದಳು: "ಮೆಲುಕು ಹಾಕ್ತಿಲ್ಲ ಕಣೋ ಅವ್ನು."

ದನ ಸಾಕಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೆಲುಕು ಹಾಕೋವರೆಗೆ ದನ ಈ ಲೋಕದಲ್ಲಿ ಇದೆ ಅಂತ ಲೆಕ್ಕ.

ಹತ್ತನೇ ದಿನ ಡಾಕ್ಟ್ರು ಅಪ್ಪಾಜಿಯನ್ನ ಪಕ್ಕಕ್ಕೆ ಕರೆಯಲಿಲ್ಲ, ಎಲ್ಲರ ಎದುರೇ ಹೇಳಿದರು. "ಯಜಮಾನ್ರೇ, ಇನ್ನು ನಾನು ಕೊಡ್ತಿರೋದು ಔಷಧಿ ಅಲ್ಲ, ದಿನ. ನಾಲ್ಕೋ ಐದೋ ದಿನ. ಆ ದಿನ ಎಲ್ಲಾ ನೋವೇ. ನೀವು ಹೇಳಿದರೆ ನಿದ್ದೆ ಬರಿಸಿ ಕಳಿಸಬಹುದು. ನೀವು ಬೇಡ ಅಂದರೆ ನಾನು ಬರೋದು ನಿಲ್ಲಿಸಲ್ಲ." ವಾಸಿಯಾಗದ, ನರಳ್ತಿರೋ ಪ್ರಾಣಿಗೆ ಹಾಗೆ ಮಾಡೋಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಜಾಗ ಇದೆ, ಪಶುವೈದ್ಯರು ನೋಡಿ ಬರೆದು ಮಾಡಬೇಕು, ಅದನ್ನೂ ಹೇಳಿದರು.

ಬೆಂಗಳೂರಿನಲ್ಲಿ ನನ್ನ ಗೆಳೆಯನೊಬ್ಬ ತನ್ನ ಹದಿನಾಲ್ಕು ವರ್ಷದ ಲ್ಯಾಬ್ರಡಾರ್‌ಗೆ ಹೀಗೇ ಮಾಡಿಸಿದ್ದ. ಅಲ್ಲಿ ಅದು ಕಷ್ಟದ ತೀರ್ಮಾನ, ಆದರೆ ಎಲ್ಲರಿಗೂ ಅರ್ಥ ಆಗೋ ತೀರ್ಮಾನ. ಇಲ್ಲಿ ಎತ್ತು. ದೀಪಾವಳಿಯಲ್ಲಿ ಪಾದ ತೊಳೆದು ಆರತಿ ಎತ್ತಿದ ಎತ್ತು. ಮನೆಯ ಮುಂದಿನ ಜಗಲಿಯಲ್ಲಿ ಕೂತವರು ಯಾರೂ ಬಾಯಿ ಬಿಡಲಿಲ್ಲ. ದೊಡ್ಡಪ್ಪ ಎದ್ದು ಹೋದರು. ನಾನು ಬೇಕು ಅನ್ನೋ ಕಡೆ ಇದ್ದೆ, ಆದರೆ ಹೇಳೋ ಹಕ್ಕು ನನಗಿಲ್ಲ ಅಂತಲೂ ಅನ್ನಿಸ್ತಿತ್ತು. ಉತ್ತವನು ನಾನಲ್ಲ.

ಅಪ್ಪಾಜಿ ಅವ್ವನ ಕಡೆ ನೋಡಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಅವಳನ್ನ ಏನಾದ್ರೂ ಕೇಳಿದ್ದು ನಾನು ಕಂಡಿದ್ದು ಕಮ್ಮಿ.

"ನೀನೇನಂತೀಯ?"

ಅವ್ವ ತಕ್ಷಣ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ನೀರು ತಂದು ಡಾಕ್ಟ್ರಿಗೆ ಕೊಟ್ಟಳು. ಆಮೇಲೆ, "ನಿಮ್ಮಮ್ಮ ಕೊನೇ ತಿಂಗಳು ದಿನಾ ನನ್ನ ಕೈ ಹಿಡ್ಕೊಂಡು ಕಳ್ಸೇ ಕಳ್ಸೇ ಅಂತಿದ್ರು. ಅವರಿಗೆ ಬಾಯಿತ್ತು, ಕೇಳಿದ್ರು. ನಾವೇನೂ ಮಾಡೋ ಹಂಗಿರಲಿಲ್ಲ. ಇವ್ನಿಗೆ ಬಾಯಿಲ್ಲ" ಅಂದಳು.

ಅಪ್ಪಾಜಿ "ನಾಳೆ ಬನ್ನಿ ತಾಯಿ" ಅಂದರು.

ಆ ರಾತ್ರಿ ಪಾಳಿ ಇರಲಿಲ್ಲ, ಅಪ್ಪಾಜಿ ಕೊಟ್ಟಿಗೆಯಲ್ಲೇ ಮಲಗಿದರು. ಬೆಳಗಿನ ಜಾವ ನಾನು ಹೋದಾಗ ಕುಡುಗೋಲು ಹಿಡ್ಕೊಂಡು ಅವನ ಮುಖದ ಹತ್ತಿರ ಕೂತಿದ್ದರು. ಒಂದು ಕ್ಷಣ ಎದೆ ಝಲ್ ಅಂತು. ಅವರು ಕತ್ತರಿಸ್ತಿದ್ದದ್ದು ಮೂಗುದಾರ. ಎರಡು ದಶಕದಿಂದ ಮೂಗಿನಲ್ಲಿ ಇದ್ದ ದಾರ. ಹಳೇದು ಸವೆದಾಗೆಲ್ಲ ಹೊಸದು ಹಾಕಿದ್ದು ಬಿಟ್ಟರೆ ಒಂದು ದಿನ ಆ ಮೂಗು ಖಾಲಿ ಇದ್ದಿದ್ದಿಲ್ಲ. ಮೆಲ್ಲಗೆ ಎಳೆದು ತೆಗೆದರು. ಕೊರಳಿನ ಹಗ್ಗವನ್ನೂ ಬಿಚ್ಚಿದರು. "ಆಯ್ತಪ್ಪ, ಇನ್ನೇನೂ ಇಲ್ಲ. ಹೊಲ ಎಲ್ಲ ಮುಗೀತು" ಅಂದರು. ನನಗೆ ಹೇಳಿದ್ದಲ್ಲ.

ಮೈಲಾರಿ ಮೂಗಿನ ತೂತನ್ನ ನಾಲಿಗೆಯಿಂದ ನೆಕ್ಕಿಕೊಂಡ. ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

ಡಾಕ್ಟ್ರು ಹತ್ತು ಗಂಟೆಗೆ ಬಂದರು. ಮೊದಲು ಮಂಪರಿನ ಸೂಜಿ. ತಲೆ ಭಾರವಾಗಿ ಅವ್ವನ ಮಡಿಲಿಗೆ ಬಂತು. ಕೊಂಬು ತಾಗದ ಹಾಗೆ ಅವಳು ಒಂದು ಕೈಯಲ್ಲಿ ಹಿಡಿದಿದ್ದಳು. ಅದು ಪೂರ್ತಿ ಹತ್ತಿದ ಮೇಲೆ ಎರಡನೇದು, ಅರಿವಳಿಕೆಯ ಔಷಧಿ, ಹೆಚ್ಚು ಪ್ರಮಾಣದಲ್ಲಿ, ಕುತ್ತಿಗೆಯ ರಕ್ತನಾಳಕ್ಕೆ. ಒದ್ದಾಟ ಇರಲಿಲ್ಲ. ಕಣ್ಣು ಮುಚ್ಚಲಿಲ್ಲ, ದನದ ಕಣ್ಣು ಮುಚ್ಚಲ್ಲ, ಅದಕ್ಕೆ ಮೊದಲೇ ತಯಾರಾಗಿರಿ ಅಂತ ಅವರು ಹೇಳಿದ್ದರು. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಎದ್ದು ಕೈ ತೊಳೆದು, ಕೊಟ್ಟಿಗೆಯ ಹಿಂದೆ ಹೋಗಿ ನಿಂತರು. ಅವರು ಅಳ್ತಿದ್ದರು. ಇದು ಅವರಿಗೂ ದಿನದ ಕೆಲಸ ಅಲ್ಲ.

ಹೂಳೋದಕ್ಕೆ ಆಳ ಮುಖ್ಯ ಅಂತ ಒತ್ತಿ ಹೇಳಿದರು. ಆ ಔಷಧಿ ದೇಹದಲ್ಲಿ ಉಳಿದಿರುತ್ತೆ, ನಾಯಿ ನರಿ ಕೆದಕಿ ತಿಂದರೆ ಅವೂ ಸಾಯ್ತಾವೆ. ಜೆಸಿಬಿ ತರಿಸಿದೆವು. ನಮ್ಮ ಮೇಲಿನ ಹೊಲದ ಬೇವಿನ ಮರದ ಹತ್ತಿರ ಎಂಟಡಿ ಗುಂಡಿ. ಬೋರ್‌ವೆಲ್‌ನಿಂದ ದೂರ. ಬೆಳ್ಳಿಯನ್ನ ಹೂತಿದ್ದೂ ಅದೇ ಬದುವಿನಲ್ಲಿ. ಆಗ ಆರು ಜನ ಗುದ್ದಲಿ ಹಿಡಿದು ಅರ್ಧ ದಿನ ಅಗೆದಿದ್ದರು. ಈ ಸಲ ಇಪ್ಪತ್ತು ನಿಮಿಷ. ಜೆಸಿಬಿ ಹುಡುಗ ಹಾವೇರಿ ಕಡೆಯವನು, ಬಾಡಿಗೆ ತಗೊಳ್ಳಲಿಲ್ಲ. "ಎತ್ತಿಗೆ ತಗೊಳಂಗಿಲ್ರೀ ಸರ್" ಅಂದ. ಡೀಸೆಲ್‌ಗಾದ್ರೂ ಇಟ್ಕೊ ಅಂತ ನಾನು ಜೇಬಿಗೆ ತುರುಕಿದೆ. ಮೂರು ಚೀಲ ಉಪ್ಪು, ಬೇವಿನ ಸೊಪ್ಪು, ಅವ್ವನ ಸೀರೆ. ಅಪ್ಪಾಜಿ ಮೊದಲ ಹಿಡಿ ಮಣ್ಣು ಹಾಕಿ ಮನೆಗೆ ನಡೆದುಬಿಟ್ಟರು, ಮುಚ್ಚೋವರೆಗೆ ನಿಲ್ಲಲಿಲ್ಲ.

ಊರಲ್ಲಿ ಮಾತು ಬರದೇ ಇರುತ್ತಾ. ಮೂರನೇ ದಿನ ದೂರದ ಸಂಬಂಧಿಯೊಬ್ಬರು ಬಂದು ಕಾಫಿ ಕುಡೀತಾ, "ಏನೇ ಆದ್ರೂ ಸೂಜಿ ಹಾಕಿಸಬಾರದಿತ್ತು, ಬಸವಣ್ಣ ಅಲ್ವಾ, ಮನೆಗೆ ಒಳ್ಳೇದಲ್ಲ" ಅಂದರು. ಅಪ್ಪಾಜಿ ತಲೆ ಬಗ್ಗಿಸಿ ಕೂತಿದ್ದರು. ಅವ್ವ ಲೋಟ ಎತ್ತಿಕೊಳ್ತಾ, "ಹನ್ನೊಂದು ದಿನದಲ್ಲಿ ಒಂದು ದಿನ ಮಗ್ಗುಲು ಮಗುಚಕ್ಕೆ ಬಂದಿದ್ಯಾ ನೀನು?" ಅಂತ ಕೇಳಿದಳು. ಜಗಳದ ಧ್ವನಿ ಅಲ್ಲ, ನಿಜಕ್ಕೂ ನೆನಪಿಲ್ಲದವಳ ಹಾಗೆ ಕೇಳಿದಳು. ಅವರು ಮಾತು ಬದಲಾಯಿಸಿದರು.

ಪಾಪವೋ ಪುಣ್ಯವೋ ನನಗೆ ತೀರ್ಮಾನ ಮಾಡೋಕೆ ಬರಲ್ಲ. ಎಂಟನೇ ದಿನವೇ ಕಳಿಸಬೇಕಿತ್ತು ಅಂತ ಕೆಲವು ಸಲ ಅನ್ನಿಸುತ್ತೆ. ಆದರೆ ಆ ಹನ್ನೊಂದು ದಿನ ಇಲ್ಲದಿದ್ದರೆ ಅಪ್ಪಾಜಿ ಬಾಯಿಂದ "ನಾಳೆ ಬನ್ನಿ" ಅನ್ನೋ ಮಾತು ಬರ್ತಾನೇ ಇರಲಿಲ್ಲ ಅಂತಲೂ ಅನ್ನಿಸುತ್ತೆ. ನನ್ನ ಅಕ್ಕ ದುಬೈನಿಂದ ದಿನಾ ವಿಡಿಯೋ ಕಾಲ್ ಮಾಡಿ ಮೈಲಾರಿ ಮುಖ ನೋಡ್ತಿದ್ದಳು. ಅವಳು ಕೊನೆವರೆಗೂ ಬೇಡ ಅಂದವಳು. ಈಗಲೂ ನನ್ನ ಜೊತೆ ಅದರ ಬಗ್ಗೆ ಮಾತಾಡಲ್ಲ. ಅವಳ ಮಗನಿಗೆ ಎತ್ತು ಮಲಗಿದೆ ಅಂತ ಹೇಳಿದ್ದಾಳಂತೆ.

ಫೆಬ್ರವರಿಯಲ್ಲಿ ಅಂತರಘಟ್ಟಮ್ಮನ ಜಾತ್ರೆ ಬಂತು. ಸುತ್ತಲ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬರ್ತಾರೆ. ಕಮಾನು ಕಟ್ಟಿ, ಎತ್ತಿಗೆ ಗೆಜ್ಜೆ ಸರ, ಕೊಂಬಿಗೆ ಬಣ್ಣ. ಬೆಳ್ಳಿ ಮೈಲಾರಿ ಜೋಡಿ ಏಳೆಂಟು ವರ್ಷ ಆ ಸಾಲಿನಲ್ಲಿ ಓಡಿದ್ದವು. ಗಿಡ್ಡ ಎತ್ತು ಓಟದಲ್ಲಿ ಮುಂದಿರುತ್ತೆ ಅಂತ ಜನ ನೋಡಿದ್ದು ಆಗಲೇ. ಈ ಸಲ ಅಪ್ಪಾಜಿ ಬರಲ್ಲ ಅಂತ ನಾನು ಅಂದ್ಕೊಂಡಿದ್ದೆ. ಬೆಳಗ್ಗೆಯೇ ಬಿಳಿ ಅಂಗಿ ಹಾಕ್ಕೊಂಡು ರಸ್ತೆ ಬದಿ ಬಂದರು, ಕೈಯಲ್ಲಿ ಪಾನಕದ ಬಿಂದಿಗೆ. ಗಾಡಿ ನಿಂತಾಗಲೆಲ್ಲ ಹುಡುಗರಿಗೆ ಪಾನಕ, ಎತ್ತಿನ ಬೆನ್ನಿಗೆ ಒಂದು ಕೈ.

ಒಂದು ಜೋಡಿ ಹತ್ತಿರ ಬಹಳ ಹೊತ್ತು ನಿಂತರು. ಅಮೃತಮಹಲ್. ಬಲಗಡೆಯದು ಸ್ವಲ್ಪ ಗಿಡ್ಡ. ಗಾಡಿ ಹುಡುಗ ಇಪ್ಪತ್ತು ವರ್ಷದವನು ಇರಬೇಕು. "ಜೋಡಿ ಸರಿಯಿಲ್ಲ ಅಂತ ಎಲ್ಲಾ ಬೈತಾರೆ ಯಜಮಾನ್ರೇ" ಅಂದ.

ಅಪ್ಪಾಜಿ ಗಿಡ್ಡನ ತುಟಿ ಎತ್ತಿ ಹಲ್ಲು ನೋಡಿದರು. "ಆರು ಹಲ್ಲು" ಅಂದರು. ಆಮೇಲೆ ನೊಗದ ಆ ಕಡೆ ಗೋಣಿಚೀಲ ಹೇಗೆ ಸುತ್ತಬೇಕು ಅಂತ ಹುಡುಗನಿಗೆ ತೋರಿಸ್ತಾ ಅಲ್ಲೇ ಕೂತುಬಿಟ್ಟರು. ಹಿಂದಿನ ಗಾಡಿಯವರು ದಾರಿ ಬಿಡಿ ಅಂತ ಕೂಗ್ತಾನೇ ಇದ್ದರು.